ಕಿರಾಣಿ ಅಂಗಡಿಯ ಹಿಂದಿನ ಶಾಲೆ

ನಮ್ಮ ವಾರ್ತಾಪತ್ರದಲ್ಲಿ ಪ್ರತಿ ಸಲ ಯಾರಾದರೊಬ್ಬ ಮಹನೀಯರ ಜೀವನದ ಬಗ್ಗೆ ಲೇಖನ ಇದ್ದೇ ಇರುತ್ತದೆ. ಸರ್ ಸಯ್ಯದ್ ಅಹ್ಮದ್ ಖಾನ್, ಮೌಲಾನಾ ಆಜಾದ್, ಸಾವಿತ್ರಿಬಾಯಿ ಫುಲೆ, ಬೇಗಂ ರೊಕೆಯಾ ಇವರನ್ನೆಲ್ಲ ನಾವು ಓದಿದ್ದೇವೆ. ಈ ಸಲ ಬರೆಯುವ ಅವಕಾಶ ನನಗೆ ಸಿಕ್ಕಾಗ ನಾನು ಆರಿಸಿಕೊಂಡ ಹೆಸರು ಸೆಪ್ಟಿಮಾ ಪಾಯಿನ್‌ಸೆಟ್ ಕ್ಲಾರ್ಕ್. ಅಮೆರಿಕದಲ್ಲಿ ಇವರು ಹೆಸರುವಾಸಿ. ನಮ್ಮ ಕಡೆ ಮಾರ್ಟಿನ್ ಲೂಥರ್ ಕಿಂಗ್ ಗೊತ್ತು, ಬಸ್ಸಿನ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ ಗೊತ್ತು. ಆ ಇಬ್ಬರ ಕಥೆಯಲ್ಲೂ ಬರುವ ಈ ಟೀಚರ್ ಮಾತ್ರ ನಮಗೆ ಅಷ್ಟಾಗಿ ಗೊತ್ತಿಲ್ಲ. ರೋಸಾ ಪಾರ್ಕ್ಸ್ ಬಗ್ಗೆ ಓದುತ್ತಿದ್ದಾಗಲೇ ನನಗೂ ಈ ಹೆಸರು ಮೊದಲು ಕಣ್ಣಿಗೆ ಬಿದ್ದದ್ದು. ಆಮೇಲೆ ಹುಡುಕಿ ಹುಡುಕಿ ಓದಿದೆ. ಓದಲು ನನಗೆ ನನ್ನದೇ ಒಂದು ಕಾರಣವೂ ಇತ್ತು, ಅದನ್ನು ಮುಂದೆ ಹೇಳುತ್ತೇನೆ.

ಸೆಪ್ಟಿಮಾ ಹುಟ್ಟಿದ್ದು 1898ರ ಮೇ 3ರಂದು, ದಕ್ಷಿಣ ಕ್ಯಾರೊಲಿನಾ ರಾಜ್ಯದ ಚಾರ್ಲ್ಸ್‌ಟನ್ ಎಂಬ ಬಂದರು ಪಟ್ಟಣದಲ್ಲಿ. ಎಂಟು ಮಕ್ಕಳಲ್ಲಿ ಎರಡನೆಯವರು. ತಂದೆ ಪೀಟರ್ ಹುಟ್ಟುವಾಗಲೇ ಗುಲಾಮರು. ಜೋಯೆಲ್ ಪಾಯಿನ್‌ಸೆಟ್ ಎಂಬ ದೊಡ್ಡ ಜಮೀನುದಾರರ ತೋಟದಲ್ಲಿ ಹುಟ್ಟಿದ್ದರಿಂದ ಆ ಮನೆತನದ ಹೆಸರೇ ಇವರಿಗೂ ಬಂತು. ಕ್ರಿಸ್‌ಮಸ್ ಸಮಯದಲ್ಲಿ ನರ್ಸರಿಗಳಲ್ಲಿ ಮಾರುವ ಕೆಂಪು ಎಲೆಯ ಪಾಯಿನ್‌ಸೆಟಿಯಾ ಗಿಡಕ್ಕೂ ಅದೇ ಜಮೀನುದಾರರ ಹೆಸರು. ಒಬ್ಬನ ಹೆಸರು ಗಿಡಕ್ಕೂ ಹೋಯಿತು, ಗುಲಾಮರ ಮಕ್ಕಳಿಗೂ ಹೋಯಿತು. ತಾಯಿ ವಿಕ್ಟೋರಿಯಾ ಹೈಟಿ ದ್ವೀಪದಲ್ಲಿ ಬೆಳೆದವರು, ಓದು ಬರಹ ಬಲ್ಲವರು, ಬಹಳ ಸ್ವಾಭಿಮಾನಿ. ಮನೆ ನಡೆಸಲು ಬಟ್ಟೆ ಒಗೆದು ಇಸ್ತ್ರಿ ಮಾಡುವ ಕೆಲಸ ಹಿಡಿದರೂ ಬಿಳಿಯರ ಮನೆಗೆ ಆಳಾಗಿ ಹೋಗಲು ಒಪ್ಪಲಿಲ್ಲ. ತಂದೆಗೆ ಓದು ಬರಹ ಇರಲಿಲ್ಲ. ಹೀಗೆ ಒಂದೇ ಮನೆಯಲ್ಲಿ ಓದು ಬಂದವರೂ ಬಾರದವರೂ ಒಟ್ಟಿಗೆ ಊಟ ಮಾಡುತ್ತಿದ್ದರು. ನಮ್ಮ ಎಷ್ಟೋ ಮನೆಗಳಲ್ಲಿ ಈಗಲೂ ಹಾಗೇ ಇದೆ.

ಬಡತನದಲ್ಲೂ ಸೆಪ್ಟಿಮಾ ಚಾರ್ಲ್ಸ್‌ಟನ್ನಿನ ಏವರಿ ಎಂಬ ಶಾಲೆಯಲ್ಲಿ ಓದು ಮುಗಿಸಿದರು. ಅದು 1916. ಮುಂದೆ ಕಾಲೇಜಿಗೆ ಹೋಗಲು ಹಣವಿರಲಿಲ್ಲ. ಶಿಕ್ಷಕಿಯಾಗುವ ಅರ್ಹತೆ ಇತ್ತು. ಆದರೆ ಚಾರ್ಲ್ಸ್‌ಟನ್ ಪಟ್ಟಣದ ಸರ್ಕಾರಿ ಶಾಲೆಗಳಲ್ಲಿ ಕಪ್ಪು ಜನರನ್ನು ಶಿಕ್ಷಕರಾಗಿ ತೆಗೆದುಕೊಳ್ಳುತ್ತಿರಲಿಲ್ಲ, ಕಪ್ಪು ಮಕ್ಕಳ ಶಾಲೆಗೂ ಬಿಳಿಯರೇ ಶಿಕ್ಷಕರು. ಹೀಗಾಗಿ ಹದಿನೆಂಟರ ವಯಸ್ಸಿನಲ್ಲಿ ಅವರು ದೋಣಿ ಹತ್ತಿ ಜಾನ್ಸ್ ದ್ವೀಪಕ್ಕೆ ಹೋದರು. ಆಗ ಅಲ್ಲಿಗೆ ಸೇತುವೆ ಇರಲಿಲ್ಲ.

ಆ ದ್ವೀಪದ ಶಾಲೆಯ ಲೆಕ್ಕ ಓದಿದಾಗ ನಾನು ಕ್ಯಾಲ್ಕುಲೇಟರ್ ತೆಗೆದೆ. ಕಾಮರ್ಸ್ ಓದುವವರ ಅಭ್ಯಾಸ ಇದು, ಕ್ಷಮಿಸಿ. ಮಕ್ಕಳು 132, ಶಿಕ್ಷಕಿಯರು ಇಬ್ಬರು. ಮುಖ್ಯ ಶಿಕ್ಷಕಿಯಾಗಿದ್ದ ಸೆಪ್ಟಿಮಾ ಅವರಿಗೆ ತಿಂಗಳಿಗೆ 35 ಡಾಲರ್, ಜೊತೆಗಿದ್ದವರಿಗೆ 25. ರಸ್ತೆಯ ಆಚೆ ಬದಿಯಲ್ಲಿ ಬಿಳಿ ಮಕ್ಕಳ ಶಾಲೆ ಇತ್ತು. ಅಲ್ಲಿ ಮಕ್ಕಳು 3, ಶಿಕ್ಷಕಿಯ ಸಂಬಳ 85 ಡಾಲರ್. ಭಾಗಿಸಿ ನೋಡಿದರೆ ಒಂದು ಬಿಳಿ ಮಗುವಿನ ಪಾಠಕ್ಕೆ ತಿಂಗಳಿಗೆ 28 ಡಾಲರ್‌ಗಿಂತ ಹೆಚ್ಚು, ಒಂದು ಕಪ್ಪು ಮಗುವಿನ ಪಾಠಕ್ಕೆ 45 ಸೆಂಟ್. ಅರ್ಧ ಡಾಲರ್ ಕೂಡ ಇಲ್ಲ. ಒಂದೇ ಸರ್ಕಾರ, ಒಂದೇ ರಸ್ತೆ.

ಪಠ್ಯಪುಸ್ತಕಗಳೂ ಇರಲಿಲ್ಲ. ಸೆಪ್ಟಿಮಾ ಕಾಗದದ ಚೀಲಗಳನ್ನು ಬಿಡಿಸಿ, ಮಕ್ಕಳು ತಮ್ಮ ಸುತ್ತಮುತ್ತಲಿನ ಬಗ್ಗೆ ಹೇಳಿದ್ದನ್ನೇ ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಹಚ್ಚುತ್ತಿದ್ದರು. ಅದೇ ಪಾಠ. ದ್ವೀಪದ ಜನ ಮಾತನಾಡುತ್ತಿದ್ದದ್ದು ಗಲ್ಲಾ ಎಂಬ ನುಡಿ. ಅದು ಆಫ್ರಿಕಾದ ಭಾಷೆಗಳೂ ಇಂಗ್ಲಿಷೂ ಸೇರಿ ಆದ ಮಾತು, ಶಾಲೆಯ ಇಂಗ್ಲಿಷ್ ಅಲ್ಲ. ಮನೆಯಲ್ಲಿ ಒಂದು ಭಾಷೆ, ಪುಸ್ತಕದಲ್ಲಿ ಇನ್ನೊಂದು. ದಖ್ಖನಿ ಉರ್ದು ಮಾತನಾಡುವ ಮನೆಯಿಂದ ಬಂದು ಕನ್ನಡ ಮಾಧ್ಯಮದಲ್ಲಿ ಒಂದನೇ ತರಗತಿಗೆ ಕುಳಿತ ನನಗೆ ಆ ಮಕ್ಕಳ ಮುಖ ಹೇಗಿದ್ದಿರಬಹುದು ಎಂದು ಯಾರೂ ವಿವರಿಸಬೇಕಾಗಿಲ್ಲ.

ರಾತ್ರಿ ಹೊತ್ತು ದೊಡ್ಡವರೂ ಬರತೊಡಗಿದರು. ಅವರಿಗೆ ಬೇಕಾಗಿದ್ದದ್ದು ವರ್ಣಮಾಲೆ ಅಲ್ಲ. ತಮ್ಮ ಸಂಘದ ಸಭೆಗಳಲ್ಲಿ ಎದ್ದು ನಿಂತು ನಾಲ್ಕು ಮಾತು ಆಡಬೇಕು, ಅದಕ್ಕೆ ಬರೆದುಕೊಳ್ಳಲು ಬರಬೇಕು. ಸೆಪ್ಟಿಮಾ ಅದನ್ನೇ ಕಲಿಸಿದರು. ಆಗ ಅವರಿಗೆ ನಮ್ಮಷ್ಟೇ ವಯಸ್ಸು, ಹೆಚ್ಚೆಂದರೆ ಎರಡು ವರ್ಷ ದೊಡ್ಡವರು. ಇಲ್ಲಿ ಒಂದು ವಿಷಯ ಸೇರಿಸಲೇಬೇಕು. ಅದೇ 1916ರಲ್ಲಿ ಕಲ್ಕತ್ತೆಯಲ್ಲಿ ಬೇಗಂ ರೊಕೆಯಾ ಅವರು ಅಂಜುಮನ್-ಎ-ಖವಾತೀನ್-ಎ-ಇಸ್ಲಾಂ ಎಂಬ ಮಹಿಳೆಯರ ಸಂಘ ಕಟ್ಟಿದರು. ಅದರ ಸದಸ್ಯೆಯರು ಬಸ್ತಿಗಳಿಗೆ ಹೋಗಿ ಬಡ ಹೆಂಗಸರಿಗೆ ಓದು ಬರಹ ಕಲಿಸುತ್ತಿದ್ದರು. ಇಬ್ಬರಿಗೂ ಒಬ್ಬರ ಬಗ್ಗೆ ಒಬ್ಬರಿಗೆ ಏನೂ ತಿಳಿದಿರಲಾರದು.

1919ರಲ್ಲಿ ಸೆಪ್ಟಿಮಾ ಚಾರ್ಲ್ಸ್‌ಟನ್ನಿಗೆ ಹಿಂತಿರುಗಿ ತಾವು ಓದಿದ ಏವರಿಯಲ್ಲೇ ಪಾಠ ಮಾಡಿದರು. ಕಪ್ಪು ಜನರ ಹಕ್ಕುಗಳಿಗಾಗಿ ಕೆಲಸ ಮಾಡುತ್ತಿದ್ದ ಎನ್‌ಎಎಸಿಪಿ ಎಂಬ ಸಂಘಟನೆ ಸೇರಿದರು. ಪಟ್ಟಣದ ಶಾಲೆಗಳಲ್ಲಿ ಕಪ್ಪು ಶಿಕ್ಷಕರನ್ನು ನೇಮಿಸಬೇಕೆಂದು ಮನೆಮನೆಗೆ ಹೋಗಿ ಸಹಿ ಸಂಗ್ರಹಿಸಿದರು. 1920ರಲ್ಲಿ ಆ ಬೇಡಿಕೆ ಗೆದ್ದಿತು. ಅದೇ ವರ್ಷ ನೌಕಾಪಡೆಯಲ್ಲಿದ್ದ ನೀರಿ ಕ್ಲಾರ್ಕ್ ಅವರನ್ನು ಮದುವೆಯಾದರು. ಸಂಸಾರದ ಸುಖ ಹೆಚ್ಚು ದಿನ ಇರಲಿಲ್ಲ. ಮೊದಲ ಮಗಳು ಹುಟ್ಟಿದ ಒಂದು ತಿಂಗಳೊಳಗೆ ತೀರಿಕೊಂಡಳು. 1925ರಲ್ಲಿ ಮಗ ಹುಟ್ಟಿದ, ಆ ವರ್ಷದ ಕೊನೆಗೆ ಗಂಡ ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡರು. ಇಪ್ಪತ್ತೇಳು ವರ್ಷಕ್ಕೆ ವಿಧವೆ. ಟೀಚರ್ ಸಂಬಳದಲ್ಲಿ ಮಗನನ್ನು ಜೊತೆಗಿಟ್ಟುಕೊಂಡು ಸಾಕಲಾಗದೆ ಗಂಡನ ತಂದೆತಾಯಿಯ ಬಳಿ ಬಿಟ್ಟರು. ಅವರು ಮತ್ತೆ ಮದುವೆಯಾಗಲಿಲ್ಲ.

ಮುಂದಿನ ಇಪ್ಪತ್ತು ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. 1929ರಿಂದ ಕೊಲಂಬಿಯಾ ಪಟ್ಟಣದಲ್ಲಿ ಪಾಠ ಮಾಡಿದರು. ಬೇಸಿಗೆ ರಜೆಗಳಲ್ಲಿ, ಸಂಜೆಗಳಲ್ಲಿ ಓದುತ್ತಾ ಓದುತ್ತಾ 1942ರಲ್ಲಿ ಬಿ.ಎ., 1946ರಲ್ಲಿ ಎಂ.ಎ. ಪಡೆದರು. ಎಂ.ಎ. ಬಂದಾಗ ನಲವತ್ತೆಂಟು ವರ್ಷ. ಕಪ್ಪು ಶಿಕ್ಷಕರಿಗೂ ಬಿಳಿ ಶಿಕ್ಷಕರಷ್ಟೇ ಸಂಬಳ ಕೊಡಬೇಕೆಂಬ ಮೊಕದ್ದಮೆಗೆ ಕೆಲಸ ಮಾಡಿದರು, 1945ರಲ್ಲಿ ಅದೂ ಗೆದ್ದಿತು. 1947ರಲ್ಲಿ ತಾಯಿಗೆ ಹುಷಾರಿಲ್ಲದ್ದರಿಂದ ಮತ್ತೆ ಚಾರ್ಲ್ಸ್‌ಟನ್ನಿಗೆ ಬಂದರು.

1954ರಲ್ಲಿ ಅವರು ಟೆನೆಸಿ ರಾಜ್ಯದ ಬೆಟ್ಟಗಳಲ್ಲಿದ್ದ ಹೈಲ್ಯಾಂಡರ್ ಎಂಬ ಶಾಲೆಗೆ ಮೊದಲ ಸಲ ಹೋದರು. ಮೈಲ್ಸ್ ಹಾರ್ಟನ್ ಎಂಬ ಬಿಳಿಯರು ಮತ್ತು ಅವರ ಗೆಳೆಯರು 1932ರಲ್ಲಿ ಶುರು ಮಾಡಿದ ಶಾಲೆ ಅದು. ದೊಡ್ಡವರಿಗಾಗಿ ಇದ್ದದ್ದು. ಪರೀಕ್ಷೆ ಇಲ್ಲ, ಪಠ್ಯಕ್ರಮ ಇಲ್ಲ. ಕಪ್ಪು ಜನರೂ ಬಿಳಿಯರೂ ಒಂದೇ ಮೇಜಿನಲ್ಲಿ ಊಟ ಮಾಡುತ್ತಿದ್ದರು, ಆ ಕಾಲದ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಇದೇ ದೊಡ್ಡ ಅಪರಾಧ. ಬಂದವರು ತಮ್ಮ ಊರಿನ ಸಮಸ್ಯೆ ಹೇಳಬೇಕು, ಎಲ್ಲರೂ ಸೇರಿ ಅದರ ಬಗ್ಗೆ ಮಾತನಾಡಬೇಕು, ಊರಿಗೆ ಹೋಗಿ ಏನು ಮಾಡುತ್ತೇನೆ ಎಂದು ಅವರೇ ನಿರ್ಧರಿಸಬೇಕು. 1955ರ ಬೇಸಿಗೆಯಲ್ಲಿ ಸೆಪ್ಟಿಮಾ ನಡೆಸಿದ ಶಿಬಿರದಲ್ಲಿ ಹೆಚ್ಚು ಮಾತನಾಡದ ಒಬ್ಬ ಟೈಲರ್ ಕೆಲಸದ ಹೆಂಗಸು ಕುಳಿತಿದ್ದರು. ಕೆಲವೇ ತಿಂಗಳ ನಂತರ, ಡಿಸೆಂಬರ್ 1ರಂದು, ಅವರು ಬಸ್ಸಿನಲ್ಲಿ ಸೀಟು ಬಿಡಲಿಲ್ಲ. ಅವರೇ ರೋಸಾ ಪಾರ್ಕ್ಸ್.

1956 ಬಂತು. ಸರ್ಕಾರಿ ನೌಕರರು ಎನ್‌ಎಎಸಿಪಿ ಸದಸ್ಯರಾಗಿರುವಂತಿಲ್ಲ ಎಂದು ದಕ್ಷಿಣ ಕ್ಯಾರೊಲಿನಾ ಕಾನೂನು ಮಾಡಿತು. ಬಹಳ ಶಿಕ್ಷಕರು ಸದಸ್ಯತ್ವ ಬಿಟ್ಟರು, ಕೆಲವರು ಮುಚ್ಚಿಟ್ಟರು. ಸೆಪ್ಟಿಮಾ ಬಿಡಲೂ ಇಲ್ಲ, ಮುಚ್ಚಿಡಲೂ ಇಲ್ಲ. ನಲವತ್ತು ವರ್ಷದ ನೌಕರಿ ಹೋಯಿತು, ಪಿಂಚಣಿಯೂ ಹೋಯಿತು. ಅವರಿಗೆ ಐವತ್ತೆಂಟು ವರ್ಷ.

ಅವರು ರಾಜ್ಯದ 726 ಕಪ್ಪು ಶಿಕ್ಷಕರಿಗೆ ಪತ್ರ ಬರೆದು ಒಟ್ಟಾಗಿ ಪ್ರತಿಭಟಿಸೋಣ ಎಂದು ಕೇಳಿದರು. ಉತ್ತರ ಬರೆದವರು 26 ಜನ. ಅಧಿಕಾರಿಯನ್ನು ಭೇಟಿಯಾಗಲು ಬರುತ್ತೇವೆ ಎಂದವರು 11. ಬಂದವರು 5. ಬೇರೆ ಯಾರಾದರೂ ಆಗಿದ್ದರೆ ಉಳಿದ 721 ಜನರನ್ನು ಹೇಡಿಗಳೆಂದು ಬಯ್ಯುತ್ತಿದ್ದರು. ನಾನಾಗಿದ್ದರೆ ಖಂಡಿತ ಬಯ್ಯುತ್ತಿದ್ದೆ. ಸೆಪ್ಟಿಮಾ ಇದನ್ನು ತಮ್ಮ ಜೀವನದ ದೊಡ್ಡ ಸೋಲು ಎಂದುಕೊಂಡರು, ತಪ್ಪು ತಮ್ಮದೂ ಇದೆ ಎಂದುಕೊಂಡರು. ಜನ ಸಿದ್ಧರಾಗುವ ಮೊದಲೇ ತಾವು ಅವರನ್ನು ಮುಂದಕ್ಕೆ ತಳ್ಳಿದೆ, ಅವರ ಪರವಾಗಿ ತಾವೇ ತೀರ್ಮಾನ ಮಾಡಿಬಿಟ್ಟೆ ಎಂದು ಅವರಿಗೆ ಅನ್ನಿಸಿತು. ಮುಂದೆ ಅವರು ಕಟ್ಟಿದ ಶಾಲೆಗಳನ್ನು ಅರ್ಥಮಾಡಿಕೊಳ್ಳಲು ಈ 726 ಪತ್ರಗಳನ್ನು ನೆನಪಿಡಬೇಕು ಎಂದು ನನ್ನ ಅಭಿಪ್ರಾಯ.

ಕೆಲಸ ಹೋದವರನ್ನು ಹೈಲ್ಯಾಂಡರ್ ಕರೆದು ಶಿಬಿರಗಳ ನಿರ್ದೇಶಕಿಯಾಗಿ ಮಾಡಿಕೊಂಡಿತು.

ಈಗ ಜಾನ್ಸ್ ದ್ವೀಪಕ್ಕೆ ಮತ್ತೆ ಹೋಗೋಣ. ಅಲ್ಲಿ ಈಸಾ ಜೆಂಕಿನ್ಸ್ ಎಂಬವರಿದ್ದರು (ಇಂಗ್ಲಿಷಿನಲ್ಲಿ ಈಸೌ). ದ್ವೀಪದ ಕೂಲಿಕಾರರನ್ನು, ಮನೆಗೆಲಸದ ಹೆಂಗಸರನ್ನು ತಮ್ಮ ಬಸ್ಸಿನಲ್ಲಿ ದಿನಾ ಚಾರ್ಲ್ಸ್‌ಟನ್ನಿಗೆ ಕರೆದೊಯ್ಯುತ್ತಿದ್ದರು. ಆ ರಾಜ್ಯದಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಬೇಕಾದರೆ ಸಂವಿಧಾನದ ಒಂದು ಭಾಗ ಓದಿ ತೋರಿಸಬೇಕಿತ್ತು. ಓದಲು ಬಾರದ ಕಪ್ಪು ಜನರನ್ನು ಹೊರಗಿಡುವ ಉಪಾಯ ಇದು. ಬಸ್ಸಿನಲ್ಲಿ ಹೋಗುವಾಗ ಬರುವಾಗ ಜೆಂಕಿನ್ಸ್ ಆ ಭಾಗ ಓದಿ ಹೇಳುತ್ತಿದ್ದರು, ಜನ ಬಾಯಿಪಾಠ ಮಾಡುತ್ತಿದ್ದರು. ಆಲಿಸ್ ವೈನ್ ಎಂಬ ಹೆಂಗಸು ಪೂರ್ತಿ ಬಾಯಿಪಾಠ ಮಾಡಿ ಮತದಾರರೂ ಆದರು. ಆದರೆ ಅವರಿಗೆ ಅಷ್ಟು ಸಾಕಾಗಲಿಲ್ಲ. ಬಾಯಿಪಾಠ ಬೇಡ, ನಿಜವಾಗಿ ಓದಲು ಕಲಿಸಿ ಎಂದು ಕೇಳಿದರು. ಜೆಂಕಿನ್ಸ್ ಆ ಮಾತನ್ನು ಹೈಲ್ಯಾಂಡರ್‌ಗೆ ತಂದರು.

ಹಿಂದೆ ಸರ್ಕಾರದ ವಯಸ್ಕರ ಶಿಕ್ಷಣ ತರಗತಿ ಆ ದ್ವೀಪದಲ್ಲೂ ಇತ್ತಂತೆ, ಯಾರೂ ಹೋಗುತ್ತಿರಲಿಲ್ಲವಂತೆ. ಚಿಕ್ಕ ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಚಿ ಕೂತು, ಚಿಕ್ಕ ಮಕ್ಕಳ ಪುಸ್ತಕ ಹಿಡಿದರೆ ಯಾರಿಗೆ ತಾನೆ ನಾಚಿಕೆಯಾಗುವುದಿಲ್ಲ? ಸೆಪ್ಟಿಮಾ ಮತ್ತು ಜೆಂಕಿನ್ಸ್ ಬೇರೆ ಜಾಗ ಹುಡುಕಿದರು. ಶಾಲೆಯ ಮುಖ್ಯಸ್ಥರೂ ಪಾದ್ರಿಯೂ ಹೆದರಿ ಜಾಗ ಕೊಡಲಿಲ್ಲ. ಕೊನೆಗೆ ಹೈಲ್ಯಾಂಡರ್ ಕೊಟ್ಟ 1,500 ಡಾಲರ್ ಸಾಲದಲ್ಲಿ ಜೆಂಕಿನ್ಸ್ ಅವರ ಪ್ರೊಗ್ರೆಸಿವ್ ಕ್ಲಬ್ ಒಂದು ಹಳೆಯ ಕಟ್ಟಡ ಕೊಂಡಿತು. ಮುಂದೆ ಸಹಕಾರಿ ಕಿರಾಣಿ ಅಂಗಡಿ, ಹಿಂದೆ ಎರಡು ಕೋಣೆ. ಹೊರಗಿನಿಂದ ನೋಡಿದ ಬಿಳಿಯರಿಗೆ ಅಂಗಡಿ ಮಾತ್ರ ಕಾಣಬೇಕು. ಹಿಂದಿನ ಕೋಣೆಗೆ ಕಿಟಕಿ ಇರಲಿಲ್ಲ. ಅಂಗಡಿಯ ಲಾಭದಿಂದ ಸಾಲವನ್ನೂ ತೀರಿಸಿದರು. ನಮ್ಮ ವ್ಯವಹಾರ ಅಧ್ಯಯನ ಪುಸ್ತಕದಲ್ಲಿ ಸಹಕಾರ ಸಂಘದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಕಂಡಿಲ್ಲ.

ಟೀಚರ್ ಯಾರು? ಸೆಪ್ಟಿಮಾ ಬೇಕೆಂದೇ ತರಬೇತಾದ ಶಿಕ್ಷಕರನ್ನು ಆರಿಸಲಿಲ್ಲ. ತಮ್ಮ ಸಂಬಂಧಿ ಬರ್ನಿಸ್ ರಾಬಿನ್ಸನ್ ಅವರನ್ನು ಒಪ್ಪಿಸಿದರು. ರಾಬಿನ್ಸನ್ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದರು, ಬಟ್ಟೆ ಹೊಲಿಯುತ್ತಿದ್ದರು. ಜನರ ಮಾತು ಕೇಳಿಸಿಕೊಳ್ಳುವ ಗುಣ ಇದೆ, ದೊಡ್ಡಸ್ತಿಕೆ ತೋರಿಸುವುದಿಲ್ಲ, ಅದು ಮುಖ್ಯ ಎಂಬುದು ಸೆಪ್ಟಿಮಾ ಲೆಕ್ಕಾಚಾರ. ಜೊತೆಗೆ ಒಂದು ವ್ಯಾಪಾರದ ವಿಷಯವೂ ಇತ್ತು. ಕಪ್ಪು ಹೆಂಗಸರ ತಲೆಗೂದಲಿನ ಪಾರ್ಲರಿಗೆ ಬರುವವರು ಕಪ್ಪು ಹೆಂಗಸರೇ ಆದ್ದರಿಂದ, ಬಿಳಿಯರು ಸಿಟ್ಟಾಗಿ ಅವರ ಹೊಟ್ಟೆಗೆ ಹೊಡೆಯುವಂತಿರಲಿಲ್ಲ. ಸರ್ಕಾರಿ ಸಂಬಳದ ಟೀಚರ್‌ಗೆ ಈ ಧೈರ್ಯ ಎಲ್ಲಿಂದ ಬರಬೇಕು?

1957ರ ಜನವರಿ 7ರ ರಾತ್ರಿ ಮೊದಲ ತರಗತಿ. ಹದಿನಾಲ್ಕು ಜನ ಬಂದರು. ರಾಬಿನ್ಸನ್ ಪ್ರಾಥಮಿಕ ಶಾಲೆಯ ಕೆಲವು ಪುಸ್ತಕ ತಂದಿದ್ದರು. ಜನರ ಮುಖ ನೋಡಿದ ಮೇಲೆ ಅವನ್ನು ಪಕ್ಕಕ್ಕಿಟ್ಟರು. ತಾನು ಟೀಚರ್ ಅಲ್ಲ, ಎಲ್ಲರೂ ಸೇರಿ ಕಲಿಯೋಣ ಎಂದು ಹೇಳಿ, ನಿಮಗೆ ಏನು ಕಲಿಯಬೇಕು ಎಂದು ಒಬ್ಬೊಬ್ಬರನ್ನೂ ಕೇಳಿದರು.

ಬಂದ ಉತ್ತರಗಳ ಪಟ್ಟಿಯನ್ನು ನಾನು ಎರಡು ಸಲ ಓದಿದೆ. ತಮ್ಮ ಹೆಸರು ಬರೆಯಬೇಕು. ಬೈಬಲ್ ಓದಬೇಕು. ಅಂಚೆಯಲ್ಲಿ ಸಾಮಾನು ತರಿಸುವ ಕ್ಯಾಟಲಾಗಿನ ಆರ್ಡರ್ ಫಾರಂ ತುಂಬಬೇಕು. ಮನಿಯಾರ್ಡರ್ ಫಾರಂ ತುಂಬಬೇಕು. ದೂರದ ಊರಿಗೆ ಕೆಲಸಕ್ಕೆ ಹೋದ ಮಕ್ಕಳಿಗೆ ಪತ್ರ ಬರೆಯಬೇಕು, ಅವರ ಪತ್ರವನ್ನು ಬೇರೆಯವರ ಕೈಯಲ್ಲಿ ಓದಿಸದೆ ತಾವೇ ಓದಿಕೊಳ್ಳಬೇಕು. ಮತದಾರರ ಪಟ್ಟಿಗೆ ಹೆಸರು ಸೇರಿಸಬೇಕು. ಆ ಪಟ್ಟಿಯೇ ಪಠ್ಯಕ್ರಮವಾಯಿತು. ಕ್ಯಾಟಲಾಗ್, ಫಾರಂ, ದಿನಸಿ ಜಾಹೀರಾತು ಇವೇ ಪುಸ್ತಕ. ಗೋಡೆಯ ಮೇಲೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯನ್ನು ಅಂಟಿಸಿ, ತರಗತಿ ಮುಗಿಯುವಷ್ಟರಲ್ಲಿ ಎಲ್ಲರೂ ಇದನ್ನು ಓದಬೇಕು ಎಂದು ರಾಬಿನ್ಸನ್ ಆಸೆಪಟ್ಟರು.

ಹೆಸರು ಬರೆಯಲು ಕಲಿಸುವ ರೀತಿ ಹೀಗಿತ್ತು. ರಟ್ಟಿನ ಮೇಲೆ ಆ ವ್ಯಕ್ತಿಯ ಹೆಸರು ಬರೆದು ಕೊಡುವುದು. ಅವರು ಆ ಅಕ್ಷರಗಳ ಮೇಲೆ ಮತ್ತೆ ಮತ್ತೆ ಪೆನ್ಸಿಲ್ ಆಡಿಸಿ, ಕೈಗೆ ಆ ತಿರುವು ಅಭ್ಯಾಸವಾದ ಮೇಲೆ ಬೇರೆ ಹಾಳೆಯಲ್ಲಿ ಬರೆಯುವುದು. ನೇಗಿಲು ಹಿಡಿದ ಕೈಗಳು ಪೆನ್ಸಿಲನ್ನು ಬಿಗಿಯಾಗಿ ಹಿಡಿದು ಮುರಿದುಹಾಕುತ್ತಿದ್ದವು. ಮುರಿದರೆ ಇನ್ನೊಂದು ಕೊಡುತ್ತಿದ್ದರು, ಅಷ್ಟೇ. ಅರವತ್ತೈದು ದಾಟಿದ ಒಬ್ಬ ಅಜ್ಜಿ ಒಂದು ದಿನ ಬೋರ್ಡಿನ ಮೇಲೆ ಬರೆದಿದ್ದ ಎಲ್ಲರ ಹೆಸರುಗಳ ನಡುವೆ ತಮ್ಮ ಹೆಸರನ್ನು ಗುರುತಿಸಿ ಕೋಲಿನಿಂದ ತೋರಿಸಿದಾಗ ತನಗೆ ಮೈ ಜುಂ ಎಂದಿತು ಎಂದು ರಾಬಿನ್ಸನ್ ಮುಂದೆ ನೆನಪಿಸಿಕೊಂಡಿದ್ದಾರೆ. ವಾರಕ್ಕೆ ಎರಡು ರಾತ್ರಿ, ಎರಡೆರಡು ಗಂಟೆ, ಹೊಲದ ಕೆಲಸ ಕಡಿಮೆ ಇರುವ ಚಳಿಗಾಲದಲ್ಲಿ. ತಾಯಂದಿರ ಜೊತೆ ಬಂದ ಹುಡುಗಿಯರಿಗೆ ಹೊಲಿಗೆಯೂ ನಡೆಯುತ್ತಿತ್ತು.

ನನ್ನ ಕಾರಣವನ್ನು ಹೇಳುವ ಜಾಗ ಇದೇ. ನನ್ನ ದಾದಿ ಕುರ್‌ಆನ್ ಓದುತ್ತಾರೆ, ಉರ್ದು ನಿಧಾನವಾಗಿ ಓದುತ್ತಾರೆ. ಆದರೆ ಅವರ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಓದಲು ಮಾತ್ರ ಕಲಿಸುತ್ತಿದ್ದರು, ಬರೆಯಲು ಕಲಿಸುತ್ತಿರಲಿಲ್ಲ. ಕನ್ನಡ ಓದಲು ಬರುವುದಿಲ್ಲ. ಗೃಹಲಕ್ಷ್ಮಿ ಹಣ ತೆಗೆಯಲು ಬ್ಯಾಂಕಿಗೆ ಹೋದಾಗ ಫಾರಂ ನಾನು ತುಂಬುತ್ತೇನೆ, ಅವರು ಹೆಬ್ಬೆಟ್ಟು ಒತ್ತುತ್ತಾರೆ. ಒಂದು ದಿನ ಕೌಂಟರಿನಲ್ಲಿದ್ದವರು ಮುಖ ಎತ್ತಿ ನೋಡದೆ ಇಂಕ್ ಪ್ಯಾಡನ್ನು ಮುಂದಕ್ಕೆ ತಳ್ಳಿದರು. ದಾದಿ ಮನೆಗೆ ಬರುವವರೆಗೂ ಬೆರಳನ್ನು ಬುರ್ಖಾದ ಅಂಚಿಗೆ ಉಜ್ಜುತ್ತಲೇ ಇದ್ದರು. ಅಂದೇ ನಾನು ಚಿತ್ರ ಇರುವ ವರ್ಣಮಾಲೆ ಪುಸ್ತಕ ತಂದು ಪಾಠ ಶುರು ಮಾಡಿದೆ. ಮೂರನೇ ದಿನಕ್ಕೆ ದಾದಿಗೆ ಕಣ್ಣು ನೋವು ಬಂತು. ನಾಲ್ಕನೇ ದಿನ ಅಡುಗೆಮನೆಯಲ್ಲಿ ಕೆಲಸ ಇತ್ತು. ಆಮೇಲೆ ಪುಸ್ತಕ ನನ್ನ ತಮ್ಮನ ಕೈಗೆ ಹೋಯಿತು. ವಯಸ್ಸಾದವರಿಗೆ ಕಲಿಯುವ ಆಸಕ್ತಿ ಇರುವುದಿಲ್ಲ ಎಂದು ನಾನೇ ತೀರ್ಪು ಕೊಟ್ಟುಬಿಟ್ಟೆ.

ರಾಬಿನ್ಸನ್ ಅವರ ಮೊದಲ ರಾತ್ರಿಯ ಬಗ್ಗೆ ಓದಿದ ಮೇಲೆ ನಾಚಿಕೆಯಾಗಿ ದಾದಿಯ ಹತ್ತಿರ ಹೋಗಿ ಕೇಳಿದೆ. ಅವರಿಗೆ ಸಹಿ ಮುಖ್ಯವಾಗಿರಲಿಲ್ಲ. ಅವರ ತಂಗಿ ಶಿರಾದಲ್ಲಿದ್ದಾರೆ. ಬಸ್ ನಿಲ್ದಾಣದಲ್ಲಿ ಯಾರನ್ನೂ ಕೇಳದೆ ಶಿರಾ ಬಸ್ ಹತ್ತಬೇಕು, ಅಷ್ಟೇ ಅವರಿಗೆ ಬೇಕಾಗಿತ್ತು. ಎರಡೇ ಅಕ್ಷರ. ಹಾಳೆಯಲ್ಲಿ ದೊಡ್ಡದಾಗಿ ಬರೆದು ಕೊಟ್ಟೆ. ಎರಡನೇ ಸಂಜೆ ಅಕ್ಷರ ಗುರುತು ಹಿಡಿದರು. ಆದರೆ ಉರ್ದು ಓದುವ ಕಣ್ಣು ಬಲದಿಂದ ಎಡಕ್ಕೆ ಹೋಯಿತು, ರಾಶಿ ಎಂದು ಓದಿಬಿಟ್ಟರು. ಇಬ್ಬರೂ ಬಹಳ ನಕ್ಕೆವು. ಯಾವ ರಾಶಿಗೆ ಬಸ್ ಇದೆ ಎಂದು ಅಬ್ಬ ಈಗಲೂ ರೇಗಿಸುತ್ತಾರೆ. ಹೋದ ತಿಂಗಳು ದಾದಿ ಬಸ್ಸಿನ ಬೋರ್ಡ್ ನೋಡಿ ತಾವೇ ಹತ್ತಿದರು, ನಾನು ಹಿಂದೆ ನಿಂತು ನೋಡಿದೆ. ಈಗ ಗ್ಯಾಸ್ ಸಿಲಿಂಡರ್ ಪುಸ್ತಕದಲ್ಲಿರುವ ತಮ್ಮ ಹೆಸರು ತೋರಿಸು ಎನ್ನುತ್ತಿದ್ದಾರೆ.

ಸೆಪ್ಟಿಮಾ ಅವರ ಕಥೆಗೆ ಮರಳುತ್ತೇನೆ. ಜಾನ್ಸ್ ದ್ವೀಪದ ಸುದ್ದಿ ಕೇಳಿ ಪಕ್ಕದ ದ್ವೀಪಗಳವರೂ ಶಾಲೆ ಕೇಳಿದರು. ವಾಡ್ಮಲಾ, ಎಡಿಸ್ಟೊ, ಚಾರ್ಲ್ಸ್‌ಟನ್ನಿನ ಉತ್ತರ ಭಾಗ, ಹೀಗೆ ಹರಡಿತು. ಇವಕ್ಕೆ ಪೌರತ್ವ ಶಾಲೆಗಳು ಎಂದು ಹೆಸರಾಯಿತು. ಬ್ರೆಜಿಲ್‌ನ ಪೌಲೊ ಫ್ರೇರೆ ಕೂಲಿಕಾರರಿಗೆ ಅವರದೇ ಬದುಕಿನ ಪದಗಳಿಂದ ಓದು ಕಲಿಸಿ ಜಗತ್ಪ್ರಸಿದ್ಧರಾದರು, ಅವರ ಅಂಜಿಕೋಸ್ ಪ್ರಯೋಗ 1963ರದ್ದು. ಅದಕ್ಕೂ ಆರು ವರ್ಷ ಮೊದಲು ಈ ಅಂಗಡಿಯ ಹಿಂದಿನ ಕೋಣೆಯಲ್ಲಿ ಅದೇ ದಾರಿಯಲ್ಲಿ ಕೆಲಸ ನಡೆದಿತ್ತು. ಪುಸ್ತಕಗಳಲ್ಲಿ ಫ್ರೇರೆ ಹೆಸರು ಹೆಚ್ಚು ಬರುತ್ತದೆ, ಈ ಇಬ್ಬರು ಹೆಂಗಸರ ಹೆಸರು ಕಡಿಮೆ. ಇದು ನನಗೆ ಸರಿ ಕಾಣಲಿಲ್ಲ.

ಸರ್ಕಾರಕ್ಕೆ ಇದು ಗೊತ್ತಾಗದೆ ಇರಲಿಲ್ಲ. 1959ರ ಜುಲೈ 31ರ ರಾತ್ರಿ ಹೈಲ್ಯಾಂಡರ್ ಮೇಲೆ ಪೊಲೀಸರು ದಾಳಿ ಮಾಡಿದರು. ಮದ್ಯ ಇಟ್ಟುಕೊಂಡ ಆರೋಪದ ಮೇಲೆ, ಮದ್ಯ ಮುಟ್ಟದ ಸೆಪ್ಟಿಮಾ ಅವರನ್ನು ಬಂಧಿಸಿದರು. ಆರೋಪ ಮುಂದೆ ಬಿದ್ದುಹೋಯಿತು. ಆದರೆ 1961ರಲ್ಲಿ ಆ ಶಾಲೆಯನ್ನೇ ಮುಚ್ಚಿಸಿದರು. ಅಷ್ಟರಲ್ಲಿ ಪೌರತ್ವ ಶಾಲೆಗಳ ಕೆಲಸ ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಘಟನೆಗೆ ವರ್ಗವಾಗಿತ್ತು. ಜಾರ್ಜಿಯಾ ರಾಜ್ಯದ ಡಾರ್ಚೆಸ್ಟರ್ ಕೇಂದ್ರದಲ್ಲಿ ಸೆಪ್ಟಿಮಾ, ಡೊರೊಥಿ ಕಾಟನ್, ಆಂಡ್ರ್ಯೂ ಯಂಗ್ ಸೇರಿ ಐದು ದಿನದ ತರಬೇತಿ ನಡೆಸುತ್ತಿದ್ದರು. ಬರುವವರು ಡ್ರೈವರ್‌ಗಳು, ರೈತರು, ಪಾರ್ಲರ್ ನಡೆಸುವವರು, ಮನೆಗೆಲಸದವರು. ಹೆಚ್ಚಿನವರು ಹೆಂಗಸರು. ಪದವಿ ಬೇಕಿರಲಿಲ್ಲ. ಗಟ್ಟಿಯಾಗಿ ಓದಲು, ಬೋರ್ಡಿನ ಮೇಲೆ ಓದುವಂತೆ ಬರೆಯಲು ಬರಬೇಕು, ಊರಿನವರು ಅವರನ್ನು ನಂಬಬೇಕು. ಹೋಗಿ ತಮ್ಮ ಅಡುಗೆಮನೆಯಲ್ಲೋ ಪಾರ್ಲರಿನಲ್ಲೋ ಚರ್ಚಿನಲ್ಲೋ ತರಗತಿ ಮಾಡುವುದು. ಚೆಕ್ ಬರೆಯುವುದು, ತೆರಿಗೆ, ಸಾಮಾಜಿಕ ಭದ್ರತೆಯ ಪಿಂಚಣಿ, ಸ್ಥಳೀಯ ಸರ್ಕಾರ ಹೇಗೆ ನಡೆಯುತ್ತದೆ ಎಂಬುದು ಎಲ್ಲ ಪಾಠದಲ್ಲಿ ಸೇರಿತು. 1970ರವರೆಗೆ ಸುಮಾರು 900 ಶಾಲೆಗಳು ನಡೆದವು ಎಂದು ಲೆಕ್ಕ.

ಇದು ಪುಣ್ಯದ ಕೆಲಸ ಮಾತ್ರ ಆಗಿರಲಿಲ್ಲ, ಅಪಾಯದ ಕೆಲಸ. 1963ರ ಜೂನ್‌ನಲ್ಲಿ ಚಾರ್ಲ್ಸ್‌ಟನ್ನಿನ ತರಬೇತಿ ಮುಗಿಸಿ ಬಸ್ಸಿನಲ್ಲಿ ಮರಳುತ್ತಿದ್ದ ಮಿಸಿಸಿಪ್ಪಿಯ ಹತ್ತಿ ಕೂಲಿ ಫ್ಯಾನಿ ಲೂ ಹೇಮರ್ ಮತ್ತು ಸಂಗಡಿಗರನ್ನು ವಿನೋನಾ ಎಂಬ ಊರಿನ ಜೈಲಿನಲ್ಲಿ ಹಾಕಿ ಹೊಡೆದರು. ಹೇಮರ್ ಅವರ ದೇಹಕ್ಕೆ ಆದ ಪೆಟ್ಟು ಜೀವನಪೂರ್ತಿ ಉಳಿಯಿತು. ಅವರು ಕಲಿಸುವುದನ್ನು ನಿಲ್ಲಿಸಲಿಲ್ಲ.

ತಮ್ಮವರ ನಡುವೆಯೂ ಸೆಪ್ಟಿಮಾ ಅವರಿಗೆ ಕಷ್ಟ ಇತ್ತು. ಕಿಂಗ್ ಅವರ ಸಂಘಟನೆಯ ಕಾರ್ಯಕಾರಿ ಸಮಿತಿಯಲ್ಲಿ ಹೆಚ್ಚಿನವರು ಪಾದ್ರಿಗಳು, ಗಂಡಸರು. ಈ ಹೆಂಗಸು ಇಲ್ಲೇಕೆ ಎಂದು ಅವರಲ್ಲೊಬ್ಬರು ಮತ್ತೆ ಮತ್ತೆ ಕೇಳುತ್ತಿದ್ದರಂತೆ. ಎಲ್ಲ ಮೆರವಣಿಗೆಗಳನ್ನೂ ನೀವೊಬ್ಬರೇ ಮುನ್ನಡೆಸಬೇಡಿ, ಊರೂರಲ್ಲಿ ಬೇರೆ ನಾಯಕರನ್ನು ಬೆಳೆಸಿ ಎಂದು ಸೆಪ್ಟಿಮಾ ಕಿಂಗ್ ಅವರಿಗೆ ಪತ್ರ ಬರೆದರು. ಅದನ್ನು ಸಭೆಯಲ್ಲಿ ಓದಿದಾಗ ಎಲ್ಲರೂ ನಕ್ಕರು. ಕಿಂಗ್ ಅವರ ಮೇಲೆ ಅವರಿಗೆ ಗೌರವ ಕಡಿಮೆಯಾಗಲಿಲ್ಲ, 1964ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಗೆ ಓಸ್ಲೋಗೆ ಹೋಗುವಾಗ ಕಿಂಗ್ ಅವರನ್ನೂ ಕರೆದೊಯ್ದರು. ಆದರೆ ಹೆಂಗಸರ ಮಾತು ಕೇಳದೇ ಇದ್ದದ್ದು ಆ ಚಳವಳಿಯ ದೊಡ್ಡ ದೌರ್ಬಲ್ಯ ಎಂದು ಅವರು ವಯಸ್ಸಾದ ಮೇಲೆ ಮುಚ್ಚುಮರೆಯಿಲ್ಲದೆ ಹೇಳಿದರು.

1965ರ ಮತದಾನ ಹಕ್ಕು ಕಾಯ್ದೆ ಬಂದ ಮೇಲೆ ದಕ್ಷಿಣದ ರಾಜ್ಯಗಳ ಅಕ್ಷರ ಪರೀಕ್ಷೆ ನಿಂತಿತು. ಸೆಪ್ಟಿಮಾ 1970ರಲ್ಲಿ ನಿವೃತ್ತರಾದರು. 1975ರಲ್ಲಿ ಎಪ್ಪತ್ತೇಳನೇ ವಯಸ್ಸಿನಲ್ಲಿ ಚಾರ್ಲ್ಸ್‌ಟನ್ ಕೌಂಟಿಯ ಶಾಲಾ ಮಂಡಳಿಗೆ ಚುನಾವಣೆಗೆ ನಿಂತು ಗೆದ್ದರು. ಅವರನ್ನು ಕೆಲಸದಿಂದ ತೆಗೆದ ಊರಿನ ಶಾಲೆಗಳ ಮೇಲ್ವಿಚಾರಣೆ ಅವರ ಕೈಗೇ ಬಂತು. 1976ರಲ್ಲಿ, ಇಪ್ಪತ್ತು ವರ್ಷ ತಡವಾಗಿ, ಅವರ ಪಿಂಚಣಿ ಮರಳಿ ಸಿಕ್ಕಿತು. ಬಾಕಿ ಸಂಬಳಕ್ಕೆ ಇನ್ನೂ ಐದು ವರ್ಷ ಕಾಯಬೇಕಾಯಿತು. 1987ರಲ್ಲಿ ಅವರ ಆತ್ಮಕಥನಕ್ಕೆ ಅಮೆರಿಕನ್ ಬುಕ್ ಅವಾರ್ಡ್ ಬಂತು.

ಅದೇ ವರ್ಷ ಡಿಸೆಂಬರ್ 15ರಂದು, ಎಂಬತ್ತೊಂಬತ್ತನೇ ವಯಸ್ಸಿನಲ್ಲಿ, ಅವರು ತೀರಿಕೊಂಡದ್ದು ಜಾನ್ಸ್ ದ್ವೀಪದಲ್ಲಿ. ಅಷ್ಟರಲ್ಲಿ ಅಲ್ಲಿಗೆ ಸೇತುವೆ ಆಗಿತ್ತು.